ಕೆಲಸದ ಮನೆಯೊಳಗೆ ಗಾಳಿ, ಬೆಳಕು, ನೆರಳು

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ ವಿಚಾರಗೋಷ್ಠಿಯಲ್ಲಿ ಶಾಲಾ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಈ ಗೋಷ್ಠಿಯಲ್ಲಿ ನಮಗಿಂತ ಮೊದಲು ಮಾತನಾಡಿದವರು ಶಾಲೆಯ ಇತಿಹಾಸವನ್ನೂ ಗಡಿನಾಡಿನ ಕನ್ನಡದ ಸ್ಥಿತಿಗತಿಯನ್ನೂ ಕುರಿತು ಮನಮುಟ್ಟುವಂತೆ ಹೇಳಿದ್ದಾರೆ. ನಮಗೆ ಒಪ್ಪಿಸಿದ ವಿಷಯ ‘ಉದ್ಯೋಗಸ್ಥಳದ ವಿನ್ಯಾಸದಲ್ಲಿ ಪ್ರಕೃತಿ’. ಆಮಂತ್ರಣ ಪತ್ರಿಕೆಯಲ್ಲಿ ಇದನ್ನು ಓದಿದಾಗ ಅಧ್ಯಾಪಕರ ಕೋಣೆಯಲ್ಲಿ ಸಣ್ಣದೊಂದು ನಗು ಎದ್ದಿತು. ಮಹಾನಗರಗಳ ಕಂಪನಿ ಕಚೇರಿಗಳಿಗೆ ಸಲ್ಲುವ ಈ ಮಾತಿಗೂ ಕಾಸರಗೋಡಿನ ಒಂದು ಹಳ್ಳಿಶಾಲೆಗೂ ಏನು ಸಂಬಂಧ ಎಂಬುದು ಆ ನಗುವಿನ ಅರ್ಥ. ಸ್ವಲ್ಪ ಯೋಚಿಸಿದ ಮೇಲೆ ನಮಗೆ ಬೇರೆಯೇ ತೋರಿತು. ಶಾಲೆಯೂ ಒಂದು ಉದ್ಯೋಗಸ್ಥಳವೇ ಅಲ್ಲವೇ? ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಅಧ್ಯಾಪಕರು ಇಲ್ಲಿ ದುಡಿಯುತ್ತಾರೆ. ಕಚೇರಿಯ ಗುಮಾಸ್ತರು ದುಡಿಯುತ್ತಾರೆ. ಮಧ್ಯಾಹ್ನದೂಟದ ಅಡುಗೆಯವರು ನಮಗಿಂತ ಮೊದಲೇ ಬಂದು ಒಲೆ ಹಚ್ಚುತ್ತಾರೆ. ಇವರೆಲ್ಲರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಇಲ್ಲಿ ಕೆಲಸ ಮಾಡುವವರು ಮಕ್ಕಳು. ಕಲಿಯುವುದೇ ಅವರ ಕೆಲಸ. ವರ್ಷಕ್ಕೆ ಸುಮಾರು 200 ದಿನ, ದಿನಕ್ಕೆ ಆರು ಗಂಟೆ ಎಂದು ಲೆಕ್ಕ ಹಾಕಿದರೆ, ಒಂದನೆಯ ತರಗತಿಗೆ ಸೇರಿದ ಮಗು ಹತ್ತನೆಯ ತರಗತಿ ಮುಗಿಸುವಾಗ ಹೆಚ್ಚುಕಡಿಮೆ 12,000 ಗಂಟೆಗಳನ್ನು ಈ ಆವರಣದಲ್ಲಿ ಕಳೆದಿರುತ್ತದೆ. ಆ ಗಂಟೆಗಳಲ್ಲಿ ಅದರ ಕಣ್ಣಿಗೆ ಏನು ಬೀಳುತ್ತದೆ, ಮೈಗೆ ಯಾವ ಗಾಳಿ ತಾಗುತ್ತದೆ ಎಂಬುದು ಸಣ್ಣ ವಿಷಯವಲ್ಲ.

ಇನ್ನೊಂದು ಕಾರಣವೂ ಇದೆ. ಅದನ್ನು ಮುಚ್ಚಿಡುವುದಿಲ್ಲ. ಈ ಸಭಾಂಗಣದ ಹೊರಗಿನ ಗೋಡೆಯಲ್ಲಿ ಶತಮಾನೋತ್ಸವ ಕಟ್ಟಡದ ನಕ್ಷೆಯನ್ನು ತೂಗುಹಾಕಲಾಗಿದೆ. ಮೂರು ಅಂತಸ್ತು, ರಸ್ತೆಗೆ ಮುಖ ಮಾಡಿದ ಗಾಜಿನ ಗೋಡೆ, ಕಚೇರಿಗೂ ಅಧ್ಯಾಪಕರ ಕೋಣೆಗೂ ಹವಾನಿಯಂತ್ರಣ. ಅದಕ್ಕೆ ಜಾಗ ಮಾಡಿಕೊಡಲು ಮುರಕಲ್ಲಿನ ಹಳೆಯ ಕಟ್ಟಡವನ್ನು ಜಗಲಿಯ ಸಮೇತ ಕೆಡವಬೇಕು, ಬಾವಿಯ ಬಳಿಯ ಕಾಟುಮಾವಿನ ಮರವನ್ನು ಕಡಿಯಬೇಕು ಎಂದು ನಕ್ಷೆ ಹೇಳುತ್ತದೆ. ಹಳೆ ವಿದ್ಯಾರ್ಥಿಗಳು ಉದಾರವಾಗಿ ಹಣ ಕೊಟ್ಟಿದ್ದಾರೆ. ಅವರ ಪ್ರೀತಿಯ ಬಗ್ಗೆ ನಮಗೆ ಸಂದೇಹವಿಲ್ಲ. ಆದರೆ ನಕ್ಷೆ ಇನ್ನೂ ಅಂತಿಮವಾಗಿಲ್ಲ. ಆದ್ದರಿಂದ ಈ ಮಾತುಗಳನ್ನು ಆಡಬೇಕಾದ ಹೊತ್ತು ಇದೇ ಎಂದು ಭಾವಿಸಿದ್ದೇವೆ.

ಮೊದಲು ವಿಷಯದ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಜೀವವಿಜ್ಞಾನಿ ಎಡ್ವರ್ಡ್ ವಿಲ್ಸನ್ ಅವರು 1984ರಲ್ಲಿ ‘ಬಯೋಫಿಲಿಯಾ’ ಎಂಬ ಪುಸ್ತಕ ಬರೆದರು. ಆ ಪದವನ್ನು ಅವರಿಗಿಂತ ಮೊದಲೇ ಮನಶ್ಶಾಸ್ತ್ರಜ್ಞ ಎರಿಕ್ ಫ್ರಾಮ್ ಬಳಸಿದ್ದರು. ಕನ್ನಡದಲ್ಲಿ ಅದನ್ನು ಜೀವಪ್ರೀತಿ ಎನ್ನಬಹುದು. ಮನುಷ್ಯಕುಲ ತನ್ನ ಆಯುಸ್ಸಿನ ಬಹುಭಾಗವನ್ನು ಕಾಡು, ಬಯಲು, ನೀರುಗಳ ನಡುವೆ ಕಳೆದಿರುವುದರಿಂದ ಜೀವಂತವಾದುದರ ಕಡೆಗೆ ಸಹಜವಾದೊಂದು ಸೆಳೆತ ನಮ್ಮಲ್ಲಿ ಉಳಿದಿದೆ ಎಂಬುದು ವಿಲ್ಸನ್ ಅವರ ವಾದದ ಸಾರ. ಅದೇ 1984ರಲ್ಲಿ ರೋಜರ್ ಉಲ್‌ರಿಚ್ ಅವರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಪ್ರಕಟಿಸಿದರು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 46 ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿ ನೋಡಿದ್ದರು. 23 ಮಂದಿಯ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಉಳಿದ 23 ಮಂದಿಯ ಕಿಟಕಿಯಿಂದ ಇಟ್ಟಿಗೆಯ ಗೋಡೆ ಮಾತ್ರ ಕಾಣುತ್ತಿತ್ತು. ಮರಗಳನ್ನು ನೋಡುತ್ತಿದ್ದವರು ಬೇಗ ಮನೆಗೆ ಹೋದರು, ಅವರಿಗೆ ತೀವ್ರ ನೋವುನಿವಾರಕಗಳೂ ಕಡಿಮೆ ಸಾಕಾದವು. ರೋಗಿಗಳ ಸಂಖ್ಯೆ ಚಿಕ್ಕದು, ಒಂದೇ ಆಸ್ಪತ್ರೆಯ ಮಾತು. ಆದರೂ ಕಟ್ಟಡ ಕಟ್ಟುವವರು ಕಿಟಕಿಯ ಬಗ್ಗೆ ಎರಡನೆಯ ಬಾರಿ ಯೋಚಿಸುವಂತೆ ಮಾಡಿದ ಲೇಖನ ಅದು.

ಕೆಲಸದ ಸ್ಥಳಕ್ಕೆ ಇನ್ನೂ ಹತ್ತಿರವಾದ ವಿಚಾರವನ್ನು ಹೇಳಿದವರು ರೇಚಲ್ ಕಪ್ಲಾನ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ. ಉತ್ತರ ಪತ್ರಿಕೆ ತಿದ್ದುವಾಗ, ಲೆಕ್ಕ ಮಾಡುವಾಗ, ಹಾಜರಿ ಪುಸ್ತಕ ಬರೆಯುವಾಗ ನಾವು ಮನಸ್ಸನ್ನು ಬಲವಂತವಾಗಿ ಒಂದೆಡೆ ಹಿಡಿದಿಡುತ್ತೇವೆ. ಈ ಹಿಡಿತ ದಣಿಯುತ್ತದೆ. ಗಾಳಿಗೆ ಅಲುಗುವ ಎಲೆ, ಮಳೆ, ಮೋಡ, ಹಕ್ಕಿ ಇವು ಗಮನವನ್ನು ಸೆಳೆದರೂ ನಮ್ಮಿಂದ ಶ್ರಮವನ್ನು ಕೇಳುವುದಿಲ್ಲ. ಅವುಗಳನ್ನು ಕೆಲವು ನಿಮಿಷ ನೋಡಿದರೆ ದಣಿದ ಗಮನ ಮರಳಿ ಚೇತರಿಸಿಕೊಳ್ಳುತ್ತದೆ ಎಂಬುದು ಅವರ ಅಭಿಪ್ರಾಯ. ತರಗತಿಯಲ್ಲಿ ಕಿಟಕಿಯ ಹೊರಗೆ ನೋಡುತ್ತಿದ್ದ ಮಗುವನ್ನು ಎಷ್ಟು ಸಲ ಗದರಿಸಿದ್ದೇವೋ ಲೆಕ್ಕವಿಲ್ಲ. ಇದನ್ನು ಓದಿದ ಮೇಲೆ ಗದರಿಸುವುದು ಸ್ವಲ್ಪ ಕಡಿಮೆಯಾಗಿದೆ.

ಈಗ ನಮ್ಮ ಊರಿಗೆ ಬರೋಣ. ನಮ್ಮ ಶಾಲೆ ಆರಂಭವಾದಾಗ ಈ ನೆಲ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಕೇರಳಕ್ಕೆ ಸೇರಿತು, 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಗಡಿಗಳು ಬದಲಾದರೂ ಮಳೆ, ಬಿಸಿಲು, ಕಲ್ಲು ಬದಲಾಗಲಿಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿ. ಮಾರ್ಚ್ ಬಂತೆಂದರೆ ಬೆವರಿಳಿಸುವ ಸೆಕೆ. ಹಿರಿಯರು ನಮ್ಮ ಹಳೆಯ ಕಟ್ಟಡವನ್ನು ಕಟ್ಟಿದ್ದು ಈ ಎರಡನ್ನೂ ಬಲ್ಲ ಕೈಗಳಿಂದ. ಅವರು ಅದನ್ನು ಪ್ರಕೃತಿಸ್ನೇಹಿ ವಿನ್ಯಾಸ ಎಂದು ಕರೆಯಲಿಲ್ಲ. ಶಾಲೆ ಕಟ್ಟಿದೆವು ಎಂದಷ್ಟೇ ಹೇಳಿದರು.

ಆ ಕಟ್ಟಡವನ್ನು ಒಮ್ಮೆ ಗಮನವಿಟ್ಟು ನೋಡಿ. ಗೋಡೆ ಮುರಕಲ್ಲಿನದು. 1800ರ ಆಸುಪಾಸಿನಲ್ಲಿ ಮಲಬಾರಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟರು. ನೆಲದಲ್ಲಿರುವಾಗ ಕಡಿಯಲು ಬರುವಷ್ಟು ಮೆತ್ತಗೆ, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿ. ನಮ್ಮ ಹಿರಿಯರು ಇದೇ ಕಲ್ಲಿನ ಗುಡ್ಡಗಳನ್ನು ಅಡ್ಡಲಾಗಿ ಕೊರೆದು ಸುರಂಗ ಮಾಡಿ ನೀರು ತಂದವರು. ಅವರಿಗೆ ಅದರ ಗುಣ ಚೆನ್ನಾಗಿ ಗೊತ್ತಿತ್ತು. ದಪ್ಪ ಮುರಕಲ್ಲಿನ ಗೋಡೆ ಹಗಲಿನ ಕಾವನ್ನು ಒಳಗೆ ಬಿಡಲು ನಿಧಾನ ಮಾಡುತ್ತದೆ. ಮೇಲೆ ಹಂಚಿನ ಮಾಡು. ಅದಕ್ಕಿಂತ ಮೊದಲು ಮುಳಿಹುಲ್ಲಿನ ಮಾಡೇ ಇಲ್ಲಿ ರೂಢಿಯಲ್ಲಿತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹಂಚು ಕರಾವಳಿಯುದ್ದಕ್ಕೂ ಹಬ್ಬಿತು. ಬಿಸಿಗಾಳಿ ಮೇಲೇರುತ್ತದೆ, ಎತ್ತರದ ಮಾಡಿನ ಕೆಳಗೆ ಸೇರುತ್ತದೆ, ಹಂಚುಗಳ ಸಂದಿನಿಂದ ಹೊರಬೀಳುತ್ತದೆ. ಅದರ ಜಾಗಕ್ಕೆ ಕಿಟಕಿಯಿಂದ ಹೊಸ ಗಾಳಿ ಬರುತ್ತದೆ. ಇದಕ್ಕೆ ಯಾವ ಯಂತ್ರವೂ ಬೇಕಿಲ್ಲ. ನಡುನಡುವೆ ಗಾಜಿನ ಹಂಚುಗಳಿವೆ. ಅವುಗಳಿಂದ ಇಳಿದ ಬೆಳಕಿನ ತುಂಡು ನೆಲದ ಮೇಲೆ ಸರಿಯುತ್ತಾ ಹೋಗುವುದನ್ನು ನೋಡಿ ಊಟದ ಗಂಟೆ ಎಷ್ಟು ದೂರವಿದೆಯೆಂದು ಹೇಳುತ್ತಿದ್ದ ಮಕ್ಕಳು ಈ ಸಭೆಯಲ್ಲೂ ಹಲವರಿರಬೇಕು.

ಎಲ್ಲಕ್ಕಿಂತ ದೊಡ್ಡದು ಜಗಲಿ. ಜಗಲಿಯ ಮೇಲೆ ಬಾಗಿದ ಮಾಡಿನಿಂದಾಗಿ ಬಿಸಿಲು ಗೋಡೆಗೆ ಬೀಳುವುದಿಲ್ಲ, ಎರಚಲು ಕಿಟಕಿಯೊಳಗೆ ಬರುವುದಿಲ್ಲ. ಆದ್ದರಿಂದ ಆಷಾಢದ ಮಳೆಯಲ್ಲೂ ಕಿಟಕಿ ತೆರೆದಿಟ್ಟು ಪಾಠ ಮಾಡಬಹುದು. ಅಂಗಳವೂ ಅಲ್ಲದ, ಕೋಣೆಯೂ ಅಲ್ಲದ ಆ ಜಾಗದಲ್ಲಿ ಚಿಕ್ಕ ಮಕ್ಕಳು ಅಕ್ಷರ ತಿದ್ದಿದರು, ದೊಡ್ಡವರು ಯಕ್ಷಗಾನದ ಹೆಜ್ಜೆ ಕಲಿತರು, ಅಧ್ಯಾಪಕರು ಉತ್ತರ ಪತ್ರಿಕೆ ತಿದ್ದಿದರು.

ಇನ್ನು ನಮ್ಮ ತಪ್ಪಿನ ಮಾತು. ಹದಿನಾಲ್ಕು ವರ್ಷಗಳ ಹಿಂದೆ ಶಾಲೆಗೆ ಹೊಸದಾಗಿ ಕಚೇರಿ ಮತ್ತು ಅಧ್ಯಾಪಕರ ಕೋಣೆ ಬೇಕೆಂದು ತೀರ್ಮಾನವಾಯಿತು. ಜಾಗ ಸಿಕ್ಕಿದ್ದು ಪಶ್ಚಿಮ ದಿಕ್ಕಿನಲ್ಲಿ. ಅಲ್ಲೊಂದು ರಂಜೆಯ ಮರವಿತ್ತು. ಗ್ರಂಥಗಳಲ್ಲಿ ಬಕುಳವೆಂದು ಕರೆಯುವುದು ಅದನ್ನೇ. ಬೆಳಗ್ಗೆ ಹೆಣ್ಣುಮಕ್ಕಳು ಅದರ ಬುಡದಲ್ಲಿ ಹೂ ಆಯ್ದು ಬಾಳೆನಾರಿನಲ್ಲಿ ಕಟ್ಟಿ ಅಧ್ಯಾಪಿಕೆಯರ ಮೇಜಿನ ಮೇಲಿಡುತ್ತಿದ್ದರು. ಆ ಮರವನ್ನು ಕಡಿಯುವ ನಿರ್ಣಯಕ್ಕೆ ಸಹಿ ಹಾಕಿದವರಲ್ಲಿ ನಾವೂ ಇದ್ದೆವು. ಎಲೆ ಗುಡಿಸುವ ಕೆಲಸ ತಪ್ಪುತ್ತದೆ ಎಂಬ ಮಾತೂ ಆ ದಿನ ಬಂದಿತ್ತು, ಅದಕ್ಕೆ ತಲೆಯಾಡಿಸಿದ್ದೂ ನೆನಪಿದೆ. ಕಾಂಕ್ರೀಟಿನ ಸಮತಟ್ಟು ಛಾವಣಿ, ಪಶ್ಚಿಮಕ್ಕೆ ತೆರೆದ ಅಲ್ಯುಮಿನಿಯಮ್ ಕಿಟಕಿ, ನೆಲಕ್ಕೆ ಹೊಳೆಯುವ ಟೈಲ್ಸ್. ಉದ್ಘಾಟನೆಯ ದಿನ ಎಲ್ಲರಿಗೂ ಹೆಮ್ಮೆಯಾಗಿತ್ತು.

ಮೊದಲ ಬೇಸಗೆಯಲ್ಲೇ ನಿಜ ತಿಳಿಯಿತು. ಹಗಲಿಡೀ ಕಾದ ಛಾವಣಿ ಮಧ್ಯಾಹ್ನದ ಮೇಲೆ ಆ ಕಾವನ್ನು ಕೆಳಗೆ ಬಿಡತೊಡಗಿತು. ಇಳಿಬಿಸಿಲು ನೇರವಾಗಿ ಮೇಜಿನ ಮೇಲೆ ಬಿತ್ತು. ಕಿಟಕಿಗೆ ದಪ್ಪ ಪರದೆ ಬಂತು. ಪರದೆ ಬಂದದ್ದರಿಂದ ಹಗಲಲ್ಲೂ ದೀಪ ಉರಿಯಿತು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿತು. ಮಳೆಗಾಲದಲ್ಲಿ ಎರಚಲೆಂದು ಕಿಟಕಿ ಮುಚ್ಚಿದೆವು, ಕಪಾಟಿನ ಪುಸ್ತಕಗಳಿಗೆ ಬೂಸ್ಟು ಹಿಡಿಯಿತು. ಯಾರೂ ದೂರು ಹೇಳಲಿಲ್ಲ. ಆದರೆ ಒಂದು ಸಂಗತಿ ನಡೆಯಿತು. ಮೂರನೆಯ ಗಂಟೆಯ ಹೊತ್ತಿಗೆ ಬಿಡುವಿದ್ದ ಅಧ್ಯಾಪಕರು ಒಬ್ಬೊಬ್ಬರಾಗಿ ಉತ್ತರ ಪತ್ರಿಕೆಯ ಕಟ್ಟು ಹಿಡಿದು ಹಳೆಯ ಕಟ್ಟಡದ ಜಗಲಿಗೆ ಹೋಗಿ ಕುಳಿತುಕೊಳ್ಳತೊಡಗಿದರು. ಯಾರೂ ಹೇಳಿಕೊಡಲಿಲ್ಲ, ಆದೇಶ ಹೊರಡಲಿಲ್ಲ. ಕಚೇರಿಯ ಗುಮಾಸ್ತೆ ತಮ್ಮ ಮೇಜನ್ನು ವರ್ಷಕ್ಕೊಂದು ಗೇಣಿನಂತೆ ಬಾಗಿಲ ಕಡೆಗೆ ಸರಿಸುತ್ತಾ ಬಂದು ಈಗ ಹೊಸ್ತಿಲ ಬಳಿ ನಿಂತಿದ್ದಾರೆ. ಹೊಸ ಕೋಣೆ ಕಡತಗಳ ಕೋಣೆಯಾಗಿದೆ. ಕೆಲಸ ನಡೆಯುವುದು ನೂರು ವರ್ಷದ ಜಗಲಿಯಲ್ಲಿ. ಇದನ್ನು ಅಳೆಯಲು ಯಾವ ಸಮೀಕ್ಷೆಯೂ ಬೇಕಾಗಲಿಲ್ಲ.

ತರಗತಿಗಳಲ್ಲೂ ಹೀಗೇ ಆಯಿತು. ಪ್ರೊಜೆಕ್ಟರ್ ಬಂದದ್ದು ಒಳ್ಳೆಯದೇ. ಆದರೆ ಅದು ಉರಿಯುವ ಅರ್ಧ ಗಂಟೆಗಾಗಿ ಎಳೆದ ಪರದೆ ಇಡೀ ದಿನ ಎಳೆದೇ ಇರುತ್ತದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ ಸುಮಾರು 420 ಭಾಗದಷ್ಟು ಇರುತ್ತದೆ. ಕಿಟಕಿ ಮುಚ್ಚಿ ಜನ ತುಂಬಿದ ಕೋಣೆಯಲ್ಲಿ ಅದು 1,000 ದಾಟುವುದು ಅಪರೂಪವಲ್ಲ. ಊಟದ ಬಳಿಕದ ಪಾಠದಲ್ಲಿ ತೂಕಡಿಸುವ ಮಗುವಿನ ಮೇಲೆ ಸಿಟ್ಟಾಗುವ ಮೊದಲು ಕಿಟಕಿ ತೆರೆದಿದೆಯೇ ಎಂದು ನೋಡುವುದು ಮೇಲು. ಬೆಳಕಿನ ಮಾತೂ ಅಷ್ಟೇ ಮುಖ್ಯ. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಆರು ಶಾಲೆಗಳ ಒಂದನೆಯ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಬಯಲಿನಲ್ಲಿರಿಸಿದರು, ಉಳಿದ ಆರು ಶಾಲೆಗಳಲ್ಲಿ ಎಂದಿನಂತೆ ನಡೆಸಿದರು. ಮೂರು ವರ್ಷಗಳ ಬಳಿಕ ಮೊದಲ ಗುಂಪಿನಲ್ಲಿ ಶೇಕಡಾ 30.4 ಮಕ್ಕಳಿಗೆ, ಎರಡನೆಯ ಗುಂಪಿನಲ್ಲಿ ಶೇಕಡಾ 39.5 ಮಕ್ಕಳಿಗೆ ಸಮೀಪದೃಷ್ಟಿ ದೋಷ ಹೊಸದಾಗಿ ಬಂದಿತ್ತು. ಹಗಲು ಬೆಳಕು ಮಕ್ಕಳ ಕಣ್ಣಿಗೆ ಆಹಾರದಂತೆ ಬೇಕಾದದ್ದು ಎಂದು ನಾವು ಇದರಿಂದ ತಿಳಿಯಬಹುದು.

ಹಾಗಾದರೆ ಇಂದಿನ ಕಾಲಕ್ಕೆ ತಕ್ಕ ದೊಡ್ಡ ಕಟ್ಟಡಗಳನ್ನು ಹೀಗೆ ಕಟ್ಟಲು ಸಾಧ್ಯವೇ ಎಂದು ಕೇಳಬಹುದು. ಕೇರಳದಲ್ಲೇ ಉತ್ತರವಿದೆ. ಇಂಗ್ಲೆಂಡಿನಿಂದ ಬಂದು ತಿರುವನಂತಪುರದಲ್ಲಿ ನೆಲೆಸಿದ ಲಾರಿ ಬೇಕರ್ ಅಲ್ಲಿನ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಸಂಸ್ಥೆಯ ಆವರಣವನ್ನು ಸ್ಥಳೀಯ ಇಟ್ಟಿಗೆಯಿಂದ ಕಟ್ಟಿದರು. ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಜಾಲಿಗೋಡೆ ಮಾಡಿದರು. ಗಾಳಿ ಬರುತ್ತದೆ, ಬೆಳಕು ಚೂರುಚೂರಾಗಿ ಬರುತ್ತದೆ, ಕಿಟಕಿಯ ಮರದ ಖರ್ಚೂ ಉಳಿಯುತ್ತದೆ. ಮರ ಅಡ್ಡ ಬಂದಲ್ಲಿ ಮರ ಕಡಿಯದೆ ಗೋಡೆಯನ್ನೇ ಬಾಗಿಸಿದರು. ಅದೇ ನಗರದಲ್ಲಿ ಅವರು ಕಟ್ಟಿದ ಸುರುಳಿಯಾಕಾರದ ಇಂಡಿಯನ್ ಕಾಫಿ ಹೌಸಿನಲ್ಲಿ ನಮ್ಮಲ್ಲಿ ಕೆಲವರು ಕಾಫಿ ಕುಡಿದದ್ದುಂಟು. ಬೆಂಗಳೂರಿನಲ್ಲಿ ಬಾಲಕೃಷ್ಣ ದೋಶಿಯವರು ವಿನ್ಯಾಸಗೊಳಿಸಿದ ಭಾರತೀಯ ನಿರ್ವಹಣಾ ಸಂಸ್ಥೆಯನ್ನು ನೋಡಿ. ಬೂದುಬಣ್ಣದ ಕಲ್ಲಿನ ಗೋಡೆಗಳು, ಅಂಗಳಗಳು, ಒಂದೆಡೆ ಮುಚ್ಚಿದ, ಇನ್ನೊಂದೆಡೆ ಬಳ್ಳಿ ಹಬ್ಬಿದ ತೊಲೆಗಳ ಕೆಳಗೆ ಸಾಗುವ ನೀಳ ಓಣಿಗಳು. ಪಾಠ ಮುಗಿಸಿ ಹೊರಬಂದವರು ಆ ಓಣಿಗಳಲ್ಲೇ ನಿಂತು ಚರ್ಚೆ ಮುಂದುವರಿಸಲಿ ಎಂಬುದು ಅಲ್ಲಿನ ಉದ್ದೇಶ. ದೋಶಿಯವರಿಗೆ 2018ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವಗಳಲ್ಲೊಂದಾದ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು. ಆ ಓಣಿ ನಮ್ಮ ಜಗಲಿಯ ಅಣ್ಣನೇ. ಅದೇ 2018ರಲ್ಲಿ ಅಮೆಜಾನ್ ಕಂಪನಿ ಸಿಯಾಟಲ್ ನಗರದಲ್ಲಿ ತನ್ನ ನೌಕರರಿಗಾಗಿ ಗಾಜಿನ ಗೋಲಗಳನ್ನು ತೆರೆದು ಅದರೊಳಗೆ 40,000ದಷ್ಟು ಗಿಡಗಳನ್ನು ಬೆಳೆಸಿತು. ಚಳಿಯ ಊರಿನಲ್ಲಿ ಅದು ಸರಿಯಿರಬಹುದು. ನಮ್ಮ ಬಿಸಿಲಿನ ಊರಿನಲ್ಲಿ ಗಾಜಿನ ಗೋಡೆ ಕಟ್ಟುವುದೆಂದರೆ ಮೊದಲು ಕಾವನ್ನು ಒಳಗೆ ಕರೆದು, ಆಮೇಲೆ ವಿದ್ಯುತ್ತಿಗೆ ಹಣ ಕೊಟ್ಟು ಅದನ್ನು ಹೊರಹಾಕುವ ಕೆಲಸ.

ಈ ವಿಷಯದಲ್ಲಿ ಉತ್ಪ್ರೇಕ್ಷೆಯೂ ಬಹಳ ಇದೆ. ಮೇಜಿನ ಮೇಲೆ ಎರಡು ಕುಂಡ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಅದರ ಮೂಲ 1989ರ ನಾಸಾ ಸಂಸ್ಥೆಯ ಪ್ರಯೋಗ. ಅದು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಗಳಲ್ಲಿ. ಇಂಥ ಪ್ರಯೋಗಗಳನ್ನೆಲ್ಲ ಮತ್ತೆ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತೆರೆದ ಕಿಟಕಿ ಅಥವಾ ಮಾಮೂಲಿ ಗಾಳಿಯ ಸಂಚಾರದಿಂದ ಆಗುವಷ್ಟು ಶುದ್ಧಿಯನ್ನು ಗಿಡಗಳಿಂದ ಪಡೆಯಬೇಕಾದರೆ ಚದರ ಮೀಟರಿಗೆ ಕಡಿಮೆಯೆಂದರೂ 10 ಗಿಡಗಳನ್ನು ಇಡಬೇಕಾಗುತ್ತದೆ. ಅಂಥ ಕೋಣೆಯಲ್ಲಿ ನಾವು ಕುಳಿತುಕೊಳ್ಳಲು ಜಾಗವಿರುವುದಿಲ್ಲ. ಗಿಡ ಕಣ್ಣಿಗೆ ಹಿತ, ಮನಸ್ಸಿಗೆ ಹಿತ. ಗಾಳಿಗೆ ಕಿಟಕಿಯೇ ಬೇಕು. ಪ್ಲಾಸ್ಟಿಕ್ಕಿನ ಹಸಿರು ಬಳ್ಳಿಯನ್ನು ಗೋಡೆಗೆ ಅಂಟಿಸಿ ಪ್ರಕೃತಿ ಬಂತೆಂದು ತಿಳಿಯುವುದು ಬೇಡ.

ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವವರೂ ನಾವಲ್ಲ. ಹಳೆಯ ಕಟ್ಟಡದ ಮೂಲೆಗಳು ಕತ್ತಲು. ಕೆಲವು ಪಕ್ಕಾಸುಗಳಿಗೆ ಗೆದ್ದಲು ಹಿಡಿದಿದೆ. ಹೆಣ್ಣುಮಕ್ಕಳಿಗೆ ಶೌಚಾಲಯವೇ ಇಲ್ಲದ ಕಾಲವನ್ನು ಕಂಡವರು ಇಲ್ಲಿದ್ದಾರೆ. ಅದನ್ನು ಹಂಬಲಿಸಲು ಯಾರಿಗೂ ಮನಸ್ಸಿಲ್ಲ. ಕುಂಡದ ತಟ್ಟೆಯಲ್ಲಿ ನೀರು ನಿಂತರೆ ಸೊಳ್ಳೆ, ಸೊಳ್ಳೆಯಿಂದ ಡೆಂಗಿ. ಪೊದೆ ಬೆಳೆದರೆ ಹಾವು. ಮಾಡಿನ ಮೇಲೆ ಬಾಗಿದ ಕೊಂಬೆಯನ್ನು ಮಳೆಗಾಲದ ಮೊದಲು ಸವರದಿದ್ದರೆ ಅಪಾಯ. ಮಕ್ಕಳು ಆಡುವಲ್ಲಿ ತೆಂಗಿನ ಮರ ಸಲ್ಲದು. ಪ್ರಕೃತಿಯನ್ನು ಒಳಗೆ ಕರೆದವರು ಅದರ ಚಾಕರಿಯನ್ನೂ ಮಾಡಬೇಕಾಗುತ್ತದೆ. ಎಲೆ ಗುಡಿಸುವುದು ಆ ಚಾಕರಿಯ ಒಂದು ಭಾಗ. ಹದಿನಾಲ್ಕು ವರ್ಷಗಳ ಹಿಂದೆ ನಮಗೆ ಅದು ಹೊಳೆದಿರಲಿಲ್ಲ.

ಇಲ್ಲೊಂದು ಆಕ್ಷೇಪವನ್ನು ಎದುರಿಸಬೇಕು. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ತಂದೆಯೊಬ್ಬರು ಕೇಳಿದರು: “ಟೀಚರ್, ಪೇಟೆಯ ಇಂಗ್ಲಿಷ್ ಶಾಲೆಗೆ ಗಾಜಿನ ಮುಖವಿದೆ, ಎ.ಸಿ. ಇದೆ. ನೀವು ಹಂಚಿನ ಮಾಡನ್ನು ತೋರಿಸಿದರೆ ಮಕ್ಕಳು ಬರುತ್ತಾರೆಯೇ?” ಅವರ ಪ್ರಶ್ನೆ ನ್ಯಾಯವಾದದ್ದು. ಮಕ್ಕಳ ಸಂಖ್ಯೆ ಇಳಿದರೆ ಅಧ್ಯಾಪಕರ ಹುದ್ದೆ ಹೋಗುತ್ತದೆ, ತರಗತಿ ಹೋಗುತ್ತದೆ. ಗಡಿನಾಡಿನ ಪ್ರತಿ ಕನ್ನಡ ಶಾಲೆಯ ತಲೆಯ ಮೇಲೂ ಈ ಭಯ ತೂಗುತ್ತಿದೆ. ನಾವು ಅವರಿಗೆ ಹೇಳಿದ್ದು ಇಷ್ಟೇ: ಗಾಜಿನಲ್ಲಿ ಅವರೊಂದಿಗೆ ಸ್ಪರ್ಧಿಸಿದರೆ ನಾವು ಎಂದೂ ಎರಡನೆಯವರೇ. ಹಣವಿರುವಲ್ಲಿ ನಮಗಿಂತ ದೊಡ್ಡ ಗಾಜು ಬರುತ್ತದೆ. ತಂಪಾದ ಜಗಲಿ, ಮರದ ನೆರಳು, ಬಯಲು, ಹಗಲು ಬೆಳಕಿನ ಓದುಕೋಣೆ ಇವು ನಮ್ಮಲ್ಲಿವೆ. ಚೆನ್ನಾಗಿ ದುರಸ್ತಿ ಮಾಡಿ, ಶುಚಿಯಾಗಿಟ್ಟು, ಮಗುವಿನ ಕಣ್ಣಿಗೂ ಉಸಿರಿಗೂ ಇದರಿಂದ ಆಗುವ ಒಳಿತನ್ನು ವಿವರಿಸಿ ಹೇಳಿದರೆ ತಂದೆತಾಯಿಯರಿಗೆ ಅರ್ಥವಾಗದೇ ಇರದು. ಅವರು ಪೂರ್ತಿ ಒಪ್ಪಿದರೆಂದು ಹೇಳಲಾರೆವು. ಆದರೆ ಅವರ ಮಗಳು ಈಗಲೂ ನಮ್ಮ ಆರನೆಯ ತರಗತಿಯಲ್ಲಿದ್ದಾಳೆ.

ಭಾಷೆಯ ಅಧ್ಯಾಪಕರಾಗಿ ಮತ್ತೊಂದು ಮಾತನ್ನು ಸೇರಿಸಬೇಕು. ನಾಲ್ಕನೆಯ ತರಗತಿಯ ಪಾಠದ ನಡುವೆ ಒಂದು ಮಗು ಜಗಲಿ ಎಂದರೇನು ಎಂದು ಕೇಳಿತು. ಅದರ ಮನೆ ಪೇಟೆಯ ಫ್ಲ್ಯಾಟಿನಲ್ಲಿ. ಅಧ್ಯಾಪಿಕೆ ಬಾಗಿಲ ಹೊರಗೆ ಬೆರಳು ತೋರಿಸಿದರು. ಅಲ್ಲಿಗೆ ಪ್ರಶ್ನೆ ಮುಗಿಯಿತು. ಮಾಡು, ಪಕ್ಕಾಸು, ಎರಚಲು, ಇಳಿಬಿಸಿಲು, ಅಂಗಳ, ರಂಜೆ, ಕೇಪಳ, ಪುನರ್ಪುಳಿ ಈ ಪದಗಳನ್ನು ನಾವು ಇನ್ನೂ ಬೆರಳು ತೋರಿಸಿ ಕಲಿಸುತ್ತಿದ್ದೇವೆ. ಇವು ಕಣ್ಣೆದುರಿಗಿಲ್ಲದ ದಿನ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಅರ್ಥ ಹೇಳಬೇಕಾಗುತ್ತದೆ. ಸುತ್ತಲೂ ಬೇರೆ ಭಾಷೆಯ ವ್ಯವಹಾರವಿರುವ ಈ ನೆಲದಲ್ಲಿ ಕನ್ನಡ ಪದಗಳಿಗೆ ನಿಲ್ಲಲು ಜಾಗ ಬೇಕು. ಅಂಥ ಜಾಗಗಳಲ್ಲಿ ಶಾಲೆಯ ಅಂಗಳವೂ ಒಂದು.

ಕೊನೆಯದಾಗಿ ಸಮಿತಿಯ ಮುಂದೆ ನಮ್ಮ ಬೇಡಿಕೆಗಳನ್ನು ಇಡುತ್ತೇವೆ. ಹೊಸ ಕಟ್ಟಡ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಖಂಡಿತ ಬೇಕು.

ಮೊದಲನೆಯದು, ಹಳೆಯ ಕಟ್ಟಡವನ್ನು ಕೆಡವುವ ಮೊದಲು ಮುರಕಲ್ಲಿನ ಕೆಲಸ ಬಲ್ಲ ಎಂಜಿನಿಯರರಿಂದ ಪರೀಕ್ಷೆ ಮಾಡಿಸಬೇಕು. ಪಕ್ಕಾಸು ಬದಲಿಸಿದರೆ ಸಾಕಾಗುವುದಾದರೆ ಬದಲಿಸಿ, ಇನ್ನಷ್ಟು ಗಾಜಿನ ಹಂಚು ಹಾಕಿಸಿ, ಅಲ್ಲಿ ಗ್ರಂಥಾಲಯವನ್ನೂ ಅಧ್ಯಾಪಕರ ಕೋಣೆಯನ್ನೂ ಇಡೋಣ. ಮಕ್ಕಳ ತಲೆಗೆ ಅಪಾಯವಿದೆ ಎಂದು ಎಂಜಿನಿಯರರು ಹೇಳಿದರೆ ನಾವು ಒಂದು ಮಾತೂ ಆಡುವುದಿಲ್ಲ.

ಎರಡನೆಯದು, ಹೊಸ ಕಟ್ಟಡದ ಉದ್ದ ಪೂರ್ವ-ಪಶ್ಚಿಮವಾಗಿರಲಿ, ಕಿಟಕಿಗಳು ಉತ್ತರ-ದಕ್ಷಿಣಕ್ಕಿರಲಿ. ನಾವಿರುವ ಅಕ್ಷಾಂಶದಲ್ಲಿ ನಡುಹಗಲ ಸೂರ್ಯ ಬಹುಪಾಲು ನೆತ್ತಿಯ ಸಮೀಪವೇ ಇರುತ್ತಾನೆ, ಆ ಬಿಸಿಲನ್ನು ಚಾಚಿದ ಮಾಡು ತಡೆಯುತ್ತದೆ. ಪೂರ್ವ-ಪಶ್ಚಿಮದ ಓರೆ ಬಿಸಿಲನ್ನು ಮಾಡು ತಡೆಯಲಾರದು, ಗೋಡೆಯೇ ತಡೆಯಬೇಕು. ಈಗಿನ ನಕ್ಷೆಯಲ್ಲಿ ಗಾಜು ಇರುವುದು ಪಶ್ಚಿಮಕ್ಕೆ. ಒಮ್ಮೆ ಮಾಡಿದ ತಪ್ಪನ್ನು ಮೂರು ಅಂತಸ್ತಿನ ಎತ್ತರಕ್ಕೆ ಮತ್ತೆ ಮಾಡುವುದು ಬೇಡ. ಪ್ರತಿ ಅಂತಸ್ತಿಗೂ ಕುಳಿತುಕೊಳ್ಳುವಷ್ಟು ಅಗಲದ ಜಗಲಿ ಇರಲಿ.

ಮೂರನೆಯದು, ಕಾಟುಮಾವಿನ ಮರ ಉಳಿಯಲಿ. ಅಳತೆ ಹಿಡಿದು ನೋಡಿದ್ದೇವೆ. ಮೆಟ್ಟಿಲನ್ನು ಕಟ್ಟಡದ ಇನ್ನೊಂದು ತುದಿಗೆ ಸರಿಸಿದರೆ ಮರಕ್ಕೆ ಜಾಗವಾಗುತ್ತದೆ.

ನಾಲ್ಕನೆಯದು, ಅಡುಗೆಕೋಣೆ. ಈ ಆವರಣದಲ್ಲಿ ಅತಿ ಕಷ್ಟದ ಉದ್ಯೋಗಸ್ಥಳ ಅದು. ನಕ್ಷೆಯಲ್ಲಿ ಅದಕ್ಕೆ ಒಂದೇ ಕಿಟಕಿ ತೋರಿಸಿದ್ದಾರೆ. ಎದುರುಬದುರು ಎರಡು ಗೋಡೆಗಳಿಗೆ ಕಿಟಕಿ, ಮೇಲೆ ಹೊಗೆ ಮತ್ತು ಬಿಸಿ ಹೋಗಲು ದಾರಿ, ಹೊರಗೆ ತರಕಾರಿ ಹೆಚ್ಚಲು ನೆರಳಿನ ಕಟ್ಟೆ ಬೇಕು. ಹವಾನಿಯಂತ್ರಣಕ್ಕೆಂದು ತೆಗೆದಿರಿಸಿದ ಹಣದಿಂದ ಮೊದಲು ಇದನ್ನು ಮಾಡೋಣ.

ಐದನೆಯದು, ಮೇಜು ಇಡುವಾಗ ಒಂದು ಸರಳ ನಿಯಮ ಪಾಲಿಸೋಣ. ಇಲ್ಲಿ ಕೆಲಸ ಮಾಡುವ ಯಾರೇ ಆಗಲಿ, ಕುಳಿತಲ್ಲಿಂದ ತಲೆ ಎತ್ತಿದರೆ ಆಕಾಶವೋ ಎಲೆಯೋ ಕಾಣಬೇಕು. ಇದಕ್ಕೆ ಖರ್ಚಿಲ್ಲ. ಗುಮಾಸ್ತೆಯವರ ಮೇಜಿನಿಂದಲೇ ಆರಂಭಿಸೋಣ.

ಇನ್ನು ನಮ್ಮ ಪಾಲಿನ ಕೆಲಸ. ರಂಜೆಯ ಮರ ಹೋದ ಜಾಗ ನಮ್ಮ ಸಹಿಯಿಂದ ಬರಿದಾದದ್ದು. ಅಲ್ಲಿ ಕಟ್ಟಡ ನಿಂತಿರುವುದರಿಂದ ಅದೇ ಜಾಗದಲ್ಲಿ ಮರ ನೆಡಲಾಗದು. ಆಟದ ಬಯಲಿನ ಅಂಚಿನಲ್ಲಿ ಕಳೆದ ಮಳೆಗಾಲದಲ್ಲಿ ಅಧ್ಯಾಪಕರೂ ಮಕ್ಕಳೂ ಸೇರಿ ಐದು ರಂಜೆಯ ಸಸಿಗಳನ್ನು ನೆಟ್ಟೆವು. ಒಂದನ್ನು ದನ ತಿಂದಿತು, ಒಂದು ಬೇಸಗೆಯಲ್ಲಿ ಒಣಗಿತು. ಮೂರು ಉಳಿದಿವೆ, ಮೊಣಕಾಲೆತ್ತರ ಇವೆ. ರಂಜೆ ನಿಧಾನವಾಗಿ ಬೆಳೆಯುವ ಮರ. ಅದರ ನೆರಳಿನಲ್ಲಿ ಕುಳಿತುಕೊಳ್ಳುವ ಹೊತ್ತಿಗೆ ನಾವು ನಿವೃತ್ತರಾಗಿ ಬಹಳ ವರ್ಷಗಳಾಗಿರುತ್ತವೆ. ನೀರು ಹಾಕುವ ಸರದಿಯ ಪಟ್ಟಿ ಮಾತ್ರ ಈಗ ಕಚೇರಿಯ ಬಾಗಿಲಲ್ಲಿ ತೂಗುತ್ತಿದೆ. ಅದರಲ್ಲಿ ಸೋಮವಾರದ ಹೆಸರು ನಮ್ಮದು.

ಸಮಿತಿಯ ಹಿರಿಯರು ನಕ್ಷೆಗೆ ಸಹಿ ಹಾಕುವ ಮೊದಲು ಒಂದು ಮಧ್ಯಾಹ್ನ, ಸುಮಾರು ಮೂರು ಗಂಟೆಯ ಹೊತ್ತಿಗೆ ಬರಬೇಕೆಂದು ಕೇಳಿಕೊಳ್ಳುತ್ತೇವೆ. ಹತ್ತು ನಿಮಿಷ ನಮ್ಮ ಹೊಸ ಕೋಣೆಯಲ್ಲಿ ಕುಳಿತುಕೊಳ್ಳಿ. ಹತ್ತು ನಿಮಿಷ ಹಳೆಯ ಜಗಲಿಯಲ್ಲಿ ಕುಳಿತುಕೊಳ್ಳಿ. ಕಾಟುಮಾವಿನ ಕಾಲವಾದರೆ ಗೊಜ್ಜಿನ ಊಟವನ್ನೂ ನಾವೇ ಹಾಕುತ್ತೇವೆ. ಆಮೇಲೆ ನೀವು ತೆಗೆದುಕೊಳ್ಳುವ ತೀರ್ಮಾನಕ್ಕೆ ನಾವು ಬದ್ಧರು.